ಹೆಸರು, ಸಂಖ್ಯೆ, ಖಾತೆ: ಯುನಿಕ್ಸ್ ಗಣಕಗಳಲ್ಲಿ ಸಾಮೂಹಿಕ ಖಾತೆ ರಚನೆ ಮತ್ತು ನಂದಗುಡಿ ಸೀಮೆಯ ಹೆಸರುಗಳು

ನಂದಗುಡಿ ಸೀಮೆಯ ಹಳ್ಳಿಗಳಲ್ಲಿ ‘ಖಾತೆ’ ಎಂಬ ಮಾತು ಬಂದರೆ ಜನರ ಮನಸ್ಸಿಗೆ ಮೊದಲು ಬರುವುದು ಜಮೀನು. ಖಾತೆ ಯಾರ ಹೆಸರಿನಲ್ಲಿದೆ, ಅಪ್ಪನ ಖಾತೆ ಮಕ್ಕಳ ಹೆಸರಿಗೆ ಆಯಿತೆ, ಅಣ್ಣತಮ್ಮಂದಿರ ಖಾತೆ ಇನ್ನೂ ಜಂಟಿಯಾಗಿಯೇ ಇದೆಯೆ ಎಂಬ ಪ್ರಶ್ನೆಗಳು ಹೊಸಕೋಟೆ ತಾಲ್ಲೂಕಿನ ಈ ಹೋಬಳಿಯಲ್ಲಿ ದಿನನಿತ್ಯದ ಮಾತುಕತೆಗೆ ಸೇರಿದವು. ಗಣಕಯಂತ್ರವನ್ನು ಬಳಸಲು ವ್ಯಕ್ತಿಯೊಬ್ಬನಿಗೆ ದೊರೆಯುವ ಅಧಿಕಾರಕ್ಕೂ ಕನ್ನಡಿಗರು ಇದೇ ‘ಖಾತೆ’ ಎಂಬ ಪದವನ್ನು ಬಳಸುತ್ತಾರೆ. ಈ ಆಯ್ಕೆ ಅರ್ಥಪೂರ್ಣವಾದುದು. ಎರಡೂ ಕಡೆ ಖಾತೆ ಎಂದರೆ ಪಟ್ಟಿಯೊಂದರಲ್ಲಿನ ಒಂದು ಸಾಲು. ಯಾವ ವ್ಯಕ್ತಿಗೆ ಯಾವುದರ ಮೇಲೆ ಎಷ್ಟು ಹಕ್ಕು ಎಂಬುದನ್ನು ಆ ಸಾಲು ಹೇಳುತ್ತದೆ. ಆ ಸಾಲು ತಪ್ಪಿದರೆ ಒಬ್ಬರ ಸ್ವತ್ತು ಮತ್ತೊಬ್ಬರದಾಗುತ್ತದೆ.

ಜಾನಪದ ಸಂಶೋಧಕನೊಬ್ಬನು ಗಣಕದ ಖಾತೆಗಳ ಬಗೆಗೆ ಬರೆಯಲು ಕಾರಣವಾದ ಸಂಗತಿಯನ್ನು ಆರಂಭದಲ್ಲಿಯೇ ನಿವೇದಿಸುವುದು ಉಚಿತ. ಕೆಲವು ವರ್ಷಗಳ ಹಿಂದೆ ಸಂಸ್ಥೆಯೊಂದರ ಧ್ವನಿಮುದ್ರಣ ಭಂಡಾರದ ಸೂಚಿ ನನ್ನ ಪರಿಶೀಲನೆಗೆ ಬಂದಿತ್ತು. ನಂದಗುಡಿ ಹೋಬಳಿಯ ಹಳ್ಳಿಯೊಂದರಲ್ಲಿ ವೃದ್ಧೆಯೊಬ್ಬರು ಹಾಡಿದ ಸೋಬಾನೆ ಪದಗಳ ಮುದ್ರಣ ಅದರಲ್ಲಿತ್ತು. ‘ಸಂಗ್ರಾಹಕರು’ ಎಂಬ ಅಂಕಣದಲ್ಲಿ ವಿದ್ಯಾರ್ಥಿನಿಯೊಬ್ಬರ ಹೆಸರು ಅಚ್ಚಾಗಿತ್ತು. ಮುದ್ರಣವನ್ನು ಕೇಳಿದಾಗ ಹಾಡಿನ ನಡುನಡುವೆ ಪ್ರಶ್ನೆ ಕೇಳುತ್ತಿದ್ದುದು ಪುರುಷ ಧ್ವನಿ. ನನಗೆ ಚೆನ್ನಾಗಿ ಪರಿಚಯವಿದ್ದ ಹಿಂದಿನ ಕ್ಷೇತ್ರಕಾರ್ಯಕರ್ತರೊಬ್ಬರದು. ಆ ವಿದ್ಯಾರ್ಥಿನಿ ಆ ಹಳ್ಳಿಗೆ ಹೋದವರೇ ಅಲ್ಲ. ಹಾಡಿದ ತಾಯಿ ಆ ವೇಳೆಗೆ ತೀರಿಕೊಂಡಿದ್ದರು. ಈ ತಪ್ಪನ್ನು ಯಾರೂ ಬೇಕೆಂದು ಮಾಡಿರಲಿಲ್ಲ. ಖಾತೆಗಳನ್ನು ಒಟ್ಟಾಗಿ ರಚಿಸುವ ಒಂದು ಸಣ್ಣ ತಂತ್ರಾಂಶ ಅದನ್ನು ಮಾಡಿತ್ತು. ಅದು ಹೇಗೆ ಸಾಧ್ಯವಾಯಿತು, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯುನಿಕ್ಸ್ ಖಾತೆಯ ಸ್ವರೂಪ

ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾಯಿತು. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ಪ್ರಮುಖ ನಿರ್ಮಾತೃಗಳು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಇದೇ ಸಂಪ್ರದಾಯದ ಮುಂದುವರಿಕೆ. ಗ್ರಂಥಾಲಯಗಳ ಮತ್ತು ವಿಶ್ವವಿದ್ಯಾಲಯಗಳ ಸರ್ವರುಗಳಲ್ಲಿ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವುದು ಲಿನಕ್ಸ್. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ದುಡಿಯುವುದು ಈ ವ್ಯವಸ್ಥೆಯ ಮೂಲ ಕಲ್ಪನೆ. ಆದುದರಿಂದ ‘ಇದು ಯಾರದು?’ ಎಂಬ ಪ್ರಶ್ನೆಯನ್ನು ಅದು ಪ್ರತಿಯೊಂದು ಕಡತಕ್ಕೂ ಕೇಳುತ್ತದೆ.

ಬಳಕೆದಾರರ ಪಟ್ಟಿ ಇರುವುದು ‘ಪಾಸ್‌ವರ್ಡ್ ಕಡತ’ ಎಂದು ಕರೆಯಲಾಗುವ ಒಂದು ಸರಳ ಪಠ್ಯಕಡತದಲ್ಲಿ. ಒಬ್ಬ ವ್ಯಕ್ತಿಗೆ ಒಂದು ಸಾಲು. ಒಂದು ಸಾಲಿಗೆ ಏಳು ಅಂಕಣ. ಅಂಕಣಗಳ ನಡುವೆ ವಿವರಣ ಚಿಹ್ನೆ, ಅಂದರೆ ಒಂದರ ಮೇಲೊಂದು ಇಟ್ಟ ಎರಡು ಚುಕ್ಕೆ. ಮೊದಲನೆಯ ಅಂಕಣ ಲಾಗಿನ್ ಹೆಸರು. ಎರಡನೆಯದು ಪಾಸ್‌ವರ್ಡಿನ ಸ್ಥಾನ. ಈ ಕಡತವನ್ನು ಎಲ್ಲರೂ ಓದಬಹುದಾದ ಕಾರಣ ನಿಜವಾದ ಪಾಸ್‌ವರ್ಡಿನ ಗೂಢರೂಪವನ್ನು ಈಗ ‘ಶ್ಯಾಡೋ’ ಎಂಬ ಪ್ರತ್ಯೇಕ ಕಡತದಲ್ಲಿ ಇಡಲಾಗುತ್ತದೆ. ಮೂರನೆಯದು ಬಳಕೆದಾರ ಸಂಖ್ಯೆ, ನಾಲ್ಕನೆಯದು ಗುಂಪು ಸಂಖ್ಯೆ. ಐದನೆಯದು ವ್ಯಕ್ತಿಯ ಪೂರ್ಣ ಹೆಸರು ಮೊದಲಾದ ವಿವರ. ಆರನೆಯದು ಆತನ ಸ್ವಂತ ಕಡತಕೋಶದ ವಿಳಾಸ, ಏಳನೆಯದು ಆತನ ಆಜ್ಞೆಗಳನ್ನು ಸ್ವೀಕರಿಸುವ ಶೆಲ್ಲಿನ ಹೆಸರು. ಐದನೆಯ ಅಂಕಣಕ್ಕೆ ‘ಗೆಕೋಸ್’ ಎಂಬ ವಿಚಿತ್ರ ಹೆಸರು ಇಂದಿಗೂ ಉಳಿದಿದೆ. ಬೆಲ್ ಪ್ರಯೋಗಾಲಯದಲ್ಲಿದ್ದ, ಜನರಲ್ ಎಲೆಕ್ಟ್ರಿಕ್ ಕಂಪನಿ ಮೂಲದ ಬೇರೊಂದು ವ್ಯವಸ್ಥೆಗೆ ಮುದ್ರಣಕಾರ್ಯವನ್ನು ಕಳುಹಿಸುವಾಗ ಬೇಕಾದ ಗುರುತನ್ನು ಈ ಅಂಕಣದಲ್ಲಿ ಬರೆಯುತ್ತಿದ್ದರು. ಆ ಯಂತ್ರಗಳು ಹೋದವು, ಹೆಸರು ಉಳಿಯಿತು. ಸ್ಥಳನಾಮಗಳನ್ನು ಅಭ್ಯಸಿಸುವವರಿಗೆ ಇಂತಹ ಉಳಿಕೆಗಳು ಅಪರಿಚಿತವಲ್ಲ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಯಂತ್ರವು ವ್ಯಕ್ತಿಯನ್ನು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಡಿಸ್ಕಿನ ಮೇಲೆ ಪ್ರತಿಯೊಂದು ಕಡತದೊಡನೆ ದಾಖಲಾಗಿರುವುದು ಒಡೆಯನ ಸಂಖ್ಯೆ ಮಾತ್ರ. ಪರದೆಯ ಮೇಲೆ ನಮಗೆ ಹೆಸರು ಕಾಣಿಸುವುದು, ಆ ಕ್ಷಣದಲ್ಲಿ ಆ ಸಂಖ್ಯೆಯ ಎದುರು ಪಾಸ್‌ವರ್ಡ್ ಕಡತದಲ್ಲಿ ಯಾವ ಹೆಸರು ಇದೆಯೋ ಅದನ್ನು ಯಂತ್ರ ಓದಿ ತೋರಿಸುವುದರಿಂದ. ಪಟ್ಟಿಯಲ್ಲಿ ಹೆಸರು ಬದಲಾದರೆ ಎಲ್ಲ ಕಡತಗಳ ಮೇಲಿನ ಹೆಸರೂ ಒಮ್ಮೆಲೇ ಬದಲಾಗುತ್ತದೆ. ಮುಂದಿನ ಚರ್ಚೆಗೆಲ್ಲ ಇದೇ ತಳಹದಿ.

ಒಂದೊಂದಾಗಿ ಮತ್ತು ಒಟ್ಟಾಗಿ

ಒಂದು ಖಾತೆಯನ್ನು ತೆರೆಯಲು ‘ಯೂಸರ್‌ಆಡ್’ ಎಂಬ ಆಜ್ಞೆ ಸಾಕು. ಪಟ್ಟಿಗೆ ಸಾಲು ಸೇರಿಸುವುದು, ಸಂಖ್ಯೆ ಕೊಡುವುದು, ಗುಂಪಿಗೆ ಸೇರಿಸುವುದು, ಸ್ವಂತ ಕಡತಕೋಶವನ್ನು ನಿರ್ಮಿಸಿ ‘ಸ್ಕೆಲ್’ ಎಂಬ ಮಾದರಿ ಕೋಶದಲ್ಲಿರುವ ಕಡತಗಳನ್ನು ಅದರೊಳಗೆ ನಕಲು ಮಾಡುವುದು, ಪಾಸ್‌ವರ್ಡ್ ಕೊಡುವುದು ಇವಿಷ್ಟು ಅದರ ಹಂತಗಳು. ಹತ್ತು ಜನರಿಗೆ ಇದನ್ನು ಕೈಯಿಂದ ಮಾಡಬಹುದು. ಇನ್ನೂರು ವಿದ್ಯಾರ್ಥಿಗಳಿಗೆ ಮಾಡಹೊರಟರೆ ಆಯಾಸಕ್ಕಿಂತ ಹೆಚ್ಚಿನ ತೊಂದರೆ ಅಸಮತೆಯದು. ಒಬ್ಬರಿಗೆ ಗುಂಪು ತಪ್ಪುತ್ತದೆ, ಮತ್ತೊಬ್ಬರ ಕೋಶ ಎಲ್ಲರಿಗೂ ತೆರೆದಿರುತ್ತದೆ, ಮಗದೊಬ್ಬರ ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋಗುತ್ತದೆ. ಸ್ವಯಂಚಾಲನೆಯ ಮುಖ್ಯ ಪ್ರಯೋಜನ ವೇಗವಲ್ಲ, ಎಲ್ಲರಿಗೂ ಒಂದೇ ನಿಯಮ.

ಇದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ‘ನ್ಯೂಯೂಸರ್ಸ್’ ಎಂಬ ಸಿದ್ಧ ಆಜ್ಞೆ. ಪಾಸ್‌ವರ್ಡ್ ಕಡತದಂತೆಯೇ ಏಳು ಅಂಕಣಗಳಿರುವ ಸಾಲುಗಳನ್ನು ಬರೆದು ಒಪ್ಪಿಸಿದರೆ ಅದು ಎಲ್ಲ ಖಾತೆಗಳನ್ನೂ ಒಟ್ಟಿಗೆ ತೆರೆಯುತ್ತದೆ. ಎರಡನೆಯದು ಸ್ಕ್ರಿಪ್ಟ್. ಅಂದರೆ ಹೆಸರುಪಟ್ಟಿಯನ್ನು ಸಾಲುಸಾಲಾಗಿ ಓದಿ, ಪ್ರತಿ ಸಾಲಿಗೂ ಯೂಸರ್‌ಆಡ್ ಆಜ್ಞೆಯನ್ನು ಪುನರಾವರ್ತಿಸುವ ಪುಟ್ಟ ಆಜ್ಞಾಮಾಲೆ. ಯಾವ ಮಾರ್ಗವನ್ನು ಹಿಡಿದರೂ ಕೆಲಸದ ಕ್ರಮ ಹೀಗಿರಬೇಕು: ಮೊದಲು ಪಟ್ಟಿಯನ್ನು ಶುದ್ಧಗೊಳಿಸುವುದು, ಅನಂತರ ಪ್ರತಿಯೊಬ್ಬರಿಗೂ ಲಾಗಿನ್ ಹೆಸರನ್ನು ರೂಪಿಸುವುದು, ಅದು ಈಗಾಗಲೇ ಇದೆಯೇ ಎಂದು ಪರೀಕ್ಷಿಸುವುದು, ಏನನ್ನೂ ಬದಲಿಸದೆ ಫಲಿತಾಂಶವನ್ನು ಮಾತ್ರ ಕಾಗದಕ್ಕಿಳಿಸಿ ಪಟ್ಟಿಯನ್ನು ಬಲ್ಲವರಿಗೆ ತೋರಿಸುವುದು, ಕೊನೆಗೆ ಖಾತೆ ತೆರೆದು, ಯಾರಿಗೆ ಯಾವ ಸಂಖ್ಯೆ ಕೊಡಲಾಯಿತು ಎಂಬುದನ್ನು ದಿನಾಂಕದೊಡನೆ ದಾಖಲಿಸುವುದು.

ಸ್ಕ್ರಿಪ್ಟನ್ನು ಎರಡನೆಯ ಬಾರಿ ಓಡಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯೂ ಮುಖ್ಯ. ಮಧ್ಯದಲ್ಲಿ ವಿದ್ಯುತ್ ಹೋಗಿ ಅರ್ಧ ಕೆಲಸ ನಿಂತರೆ ಅದನ್ನು ಮತ್ತೆ ಓಡಿಸಲೇಬೇಕಾಗುತ್ತದೆ. ಆಗ ಈಗಾಗಲೇ ಖಾತೆ ಪಡೆದವರನ್ನು ಗುರುತಿಸಿ ಬಿಟ್ಟು ಮುಂದೆ ಹೋಗುವಂತೆ ಅದನ್ನು ಬರೆದಿರಬೇಕು. ಹಾಗೆ ಗುರುತಿಸುವುದು ಹೆಸರಿನಿಂದ ಸಾಧ್ಯವಿಲ್ಲ. ಪ್ರವೇಶ ಪುಸ್ತಕದ ಅನುಕ್ರಮ ಸಂಖ್ಯೆಯಂತಹ, ಎಂದೂ ಬದಲಾಗದ ಗುರುತೊಂದು ಪ್ರತಿ ಸಾಲಿನಲ್ಲಿಯೂ ಇರಬೇಕು. ಏಕೆ ಎಂಬುದಕ್ಕೆ ನಮ್ಮ ಸೀಮೆಯ ಹೆಸರುಗಳೇ ಉತ್ತರ.

ಹೆಸರಿನ ಸಮಸ್ಯೆ

ಯುನಿಕ್ಸ್ ಬೆಳೆದ ಸಮಾಜದಲ್ಲಿ ವ್ಯಕ್ತಿಗೆ ಒಂದು ಕೊಟ್ಟ ಹೆಸರು, ಒಂದು ಮನೆತನದ ಹೆಸರು ಇರುವುದು ರೂಢಿ. ಕೊಟ್ಟ ಹೆಸರಿನ ಮೊದಲ ಅಕ್ಷರ, ಅದರ ಮುಂದೆ ಮನೆತನದ ಹೆಸರು ಎಂಬ ಸೂತ್ರದಿಂದ ಲಾಗಿನ್ ಹೆಸರನ್ನು ರಚಿಸುವ ಪದ್ಧತಿ ಅಲ್ಲಿಂದ ಬಂದುದು. ಹೊರಗಿನ ಸ್ಕ್ರಿಪ್ಟನ್ನು ತಂದು ಇಲ್ಲಿ ಬಳಸಿದಾಗ ಅದು ಪೂರ್ಣ ಹೆಸರಿನ ಕೊನೆಯ ಪದವನ್ನು ಮನೆತನದ ಹೆಸರೆಂದು ಭಾವಿಸುತ್ತದೆ.

ಹೊಸಕೋಟೆ, ದೇವನಹಳ್ಳಿ, ಕೋಲಾರದ ಕಡೆಯ ಹೆಸರುಗಳ ರಚನೆ ಬೇರೆ ಬಗೆಯದು. ಮುನೇಶ್ವರನ ಆರಾಧನೆ ಬಲವಾಗಿರುವ ಈ ಭಾಗದಲ್ಲಿ ಮುನಿಯಪ್ಪ, ಮುನಿಯಮ್ಮ, ಮುನಿರಾಜು, ಮುನಿಶಾಮಪ್ಪ, ಮುನಿವೆಂಕಟಪ್ಪ, ಮುನಿವೆಂಕಟಮ್ಮ ಎಂಬಂತಹ ಹೆಸರುಗಳು ಬಹುವಾಗಿ ದೊರೆಯುತ್ತವೆ. ಒಂದೇ ಮನೆಯಲ್ಲಿ ದೊಡ್ಡಮುನಿಯಪ್ಪ, ಚಿಕ್ಕಮುನಿಯಪ್ಪ ಇರುವುದೂ ಉಂಟು. ಹೆಸರಿನ ಹಿಂದೆ ಬರುವ ಇನಿಷಿಯಲ್ ಊರಿನದು ಅಥವಾ ತಂದೆಯದು. ಹೆಸರಿನ ಕೊನೆಗೆ ಏನಾದರೂ ಸೇರಿದ್ದರೆ ಅದು ಸಾಮಾನ್ಯವಾಗಿ ಗೌಡ, ರೆಡ್ಡಿ, ಶೆಟ್ಟಿ, ಆಚಾರಿ ಎಂಬ ಸಮುದಾಯಸೂಚಕ. ಕೊನೆಯ ಪದವನ್ನು ಹಿಡಿಯುವ ಸ್ಕ್ರಿಪ್ಟ್ ಇಂತಹವರಿಗೆ ಜಾತಿಯನ್ನೇ ಲಾಗಿನ್ ಹೆಸರಾಗಿ ಕೊಡುತ್ತದೆ. ಉಳಿದವರಿಗೆ ಕೊಡಲು ಅದಕ್ಕೆ ಏನೂ ಸಿಗುವುದಿಲ್ಲ. ಒಂದೇ ಪಟ್ಟಿಯಲ್ಲಿ ಕೆಲವರ ಜಾತಿ ಬಯಲಾಗಿ ಕೆಲವರ ಸಾಲು ದೋಷವೆಂದು ತಿರಸ್ಕೃತವಾಗುವುದು ಬರಿಯ ತಾಂತ್ರಿಕ ನ್ಯೂನತೆ ಎನ್ನಲಾಗದು.

ಅಕ್ಷರಗಳ ಮಿತಿ ಇನ್ನೊಂದು ತೊಡಕು. ಹಳೆಯ ಯುನಿಕ್ಸ್ ವ್ಯವಸ್ಥೆಗಳಲ್ಲಿ ಲಾಗಿನ್ ಹೆಸರು ಎಂಟು ರೋಮನ್ ಅಕ್ಷರಗಳನ್ನು ಮೀರುವಂತಿರಲಿಲ್ಲ. ಆ ರೂಢಿಯನ್ನು ಅನೇಕ ಸಂಸ್ಥೆಗಳು ಅನಂತರವೂ ಮುಂದುವರಿಸಿದವು. ಮುನಿವೆಂಕಟಪ್ಪ ಮತ್ತು ಮುನಿವೆಂಕಟಮ್ಮ ಎಂಬ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದು ಎಂಟು ಅಕ್ಷರಕ್ಕೆ ಕತ್ತರಿಸಿದರೆ ಎರಡರಲ್ಲಿಯೂ ಉಳಿಯುವುದು ‘ಮುನಿವೆಂಕ್’ ಎಂಬಷ್ಟೇ. ಗಂಡಸು ಹೆಂಗಸು ಎಂಬ ಭೇದವನ್ನು ಹೇಳುವ ‘ಅಪ್ಪ’, ‘ಅಮ್ಮ’ಗಳು ಹೆಸರಿನ ಕೊನೆಯಲ್ಲಿವೆ, ಕತ್ತರಿ ಬೀಳುವುದೂ ಅಲ್ಲಿಯೇ. ಇದರೊಡನೆ ರೋಮನ್ ಕಾಗುಣಿತದ ಅನಿಶ್ಚಿತತೆಯೂ ಸೇರುತ್ತದೆ. ಮುನಿಯಪ್ಪನನ್ನು ಯಕಾರದ ಅಕ್ಷರ ಸೇರಿಸಿಯೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಒಬ್ಬನೇ ವ್ಯಕ್ತಿ ಎರಡು ಪಟ್ಟಿಗಳಲ್ಲಿ ಎರಡು ಬಗೆಯಾಗಿದ್ದರೆ ಯಂತ್ರ ಆತನಿಗೆ ಎರಡು ಖಾತೆ ತೆರೆಯುತ್ತದೆ.

ಹಾಗಾದರೆ ಇಷ್ಟೊಂದು ಮುನಿಯಪ್ಪಂದಿರ ನಡುವೆ ಹಳ್ಳಿಯ ವ್ಯವಹಾರ ಹೇಗೆ ಸುಗಮವಾಗಿ ಸಾಗಿತು? ಜನಪದರು ಹೆಸರನ್ನು ಏಕೈಕ ಗುರುತೆಂದು ಎಂದೂ ನಂಬಿದವರಲ್ಲ. ಹಿರಿಕಿರಿತನ, ಕಸುಬು, ಮನೆಯಿರುವ ದಿಕ್ಕು, ಮೂಲದ ಊರು, ಅಡ್ಡಹೆಸರು ಇವುಗಳಲ್ಲಿ ಆ ಸಂದರ್ಭಕ್ಕೆ ಬೇಕಾದುದನ್ನು ಹೆಸರಿಗೆ ಸೇರಿಸಿ ಅವರು ವ್ಯಕ್ತಿಯನ್ನು ಗುರುತಿಸುತ್ತಾರೆ. ಕಂದಾಯ ದಾಖಲೆ ಇದೇ ತತ್ತ್ವವನ್ನು ಬಿಗಿಗೊಳಿಸಿತು. ಪಹಣಿಯಲ್ಲಿ ‘ಮುನಿಯಪ್ಪ ಬಿನ್ ನಂಜಪ್ಪ’ ಎಂದರೆ ನಂಜಪ್ಪನ ಮಗ ಮುನಿಯಪ್ಪ. ‘ಮುನಿಯಮ್ಮ ಕೋಂ ಚನ್ನಪ್ಪ’ ಎಂದರೆ ಚನ್ನಪ್ಪನ ಹೆಂಡತಿ ಮುನಿಯಮ್ಮ. ‘ಬಿನ್’ ಅರಬ್ಬಿ ಮೂಲದ ಮಾತು. ಅರ್ಥ ತಿಳಿಯದೆಯೂ ಅದು ಎಲ್ಲ ಸಮುದಾಯಗಳ ಹೆಸರಿನ ನಡುವೆ ಸೇತುವೆಯಾಗಿ ನಿಂತಿದೆ. ಮನೆಮನೆಗೆ ಬಂದು ವಂಶಾವಳಿಯನ್ನು ಓದಿ ಹೇಳುವ ಹೆಳವರ ಪದ್ಧತಿಯಲ್ಲಿಯೂ ವ್ಯಕ್ತಿಯ ಹೆಸರು ಒಂಟಿಯಾಗಿ ನಿಲ್ಲುವುದಿಲ್ಲ. ಯಾರ ಮಗ, ಯಾವ ಬೆಡಗು, ಎಲ್ಲಿಂದ ಬಂದವರು ಎಂಬ ಸರಣಿಯಲ್ಲಿ ಅದಕ್ಕೊಂದು ಸ್ಥಾನವಿರುತ್ತದೆ.

ಇದರಿಂದ ಖಾತೆ ರಚಿಸುವವರಿಗೆ ದೊರೆಯುವ ಪಾಠ ಸ್ಪಷ್ಟ. ಲಾಗಿನ್ ಹೆಸರಿನ ಮೇಲೆ ಗುರುತಿನ ಹೊರೆಯನ್ನೆಲ್ಲ ಹೇರಬಾರದು. ಲಿನಕ್ಸಿನಲ್ಲಿ ಲಾಗಿನ್ ಹೆಸರು 32 ಅಕ್ಷರಗಳವರೆಗೆ ಇರಬಹುದಾದರೂ ಚಿಕ್ಕದಾದ ಕೊಟ್ಟ ಹೆಸರು, ಅದರ ಮುಂದೆ ಪ್ರವೇಶ ಪುಸ್ತಕದ ಅನುಕ್ರಮ ಸಂಖ್ಯೆ ಇಷ್ಟಿದ್ದರೆ ಸಾಕು. ಇನಿಷಿಯಲ್, ಸಮುದಾಯಸೂಚಕ ಅದರೊಳಗೆ ಬರಬೇಕಾಗಿಲ್ಲ. ಬಿನ್, ಕೋಂ, ಊರು ಮೊದಲಾದವು ಐದನೆಯ ಅಂಕಣದಲ್ಲಿರಲಿ. ಮದುವೆಯಾದ ಹೆಣ್ಣುಮಗಳ ಇನಿಷಿಯಲ್ ಬದಲಾದಾಗ ಈ ವಿಧಾನದ ಪ್ರಯೋಜನ ತಿಳಿಯುತ್ತದೆ. ಐದನೆಯ ಅಂಕಣವನ್ನು ತಿದ್ದಿದರೆ ಕೆಲಸ ಮುಗಿಯುತ್ತದೆ. ಲಾಗಿನ್ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಮುಟ್ಟಬೇಕಾಗಿಲ್ಲ. ಅನುಕ್ರಮ ಸಂಖ್ಯೆಯನ್ನು ಪಟ್ಟಿಯ ಅಕಾರಾದಿ ಸ್ಥಾನದಿಂದ ಪಡೆಯಬಾರದೆಂಬ ಎಚ್ಚರವೂ ಬೇಕು. ಹೊಸಬರೊಬ್ಬರು ಸೇರಿದೊಡನೆ ಅಕಾರಾದಿಯಲ್ಲಿ ಅವರ ಕೆಳಗಿರುವವರ ಸಂಖ್ಯೆಗಳೆಲ್ಲ ಸರಿದುಹೋಗುತ್ತವೆ.

ಲಿಪಿಯ ಸಮಸ್ಯೆ

ಲಾಗಿನ್ ಹೆಸರು ರೋಮನ್ ಸಣ್ಣಕ್ಷರ ಮತ್ತು ಅಂಕಿಗಳಲ್ಲಿರುವುದು ಇಂದಿಗೂ ಸುರಕ್ಷಿತವಾದ ರೂಢಿ. ಪೂರ್ಣ ಹೆಸರನ್ನು ಮಾತ್ರ ಕನ್ನಡದಲ್ಲಿಯೇ ಇಡಬಹುದು. ಯುನಿಕೋಡ್ ಸಂಕೇತಗಳನ್ನು ಕಡತದಲ್ಲಿ ಬರೆಯುವ ಯುಟಿಎಫ್-8 ವಿಧಾನವನ್ನು 1992ರಲ್ಲಿ ರೂಪಿಸಿದವರು ರಾಬ್ ಪೈಕ್ ಮತ್ತು ಯುನಿಕ್ಸಿನ ಅದೇ ಕೆನ್ ಥಾಂಪ್ಸನ್. ಈ ವಿಧಾನದಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್ ಬೇಕು. ‘ಮುನಿಯಪ್ಪ’ ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರಕ್ಕೆ ಅದು ಮಕಾರ, ಉಕಾರದ ಗುಣಿತ, ನಕಾರ, ಇಕಾರದ ಗುಣಿತ, ಯಕಾರ, ಪಕಾರ, ವಿರಾಮ, ಮತ್ತೆ ಪಕಾರ ಎಂಬ ಎಂಟು ಸಂಕೇತ, ಅಂದರೆ 24 ಬೈಟ್. ಅಕ್ಷರಗಳ ಎಣಿಕೆಯಿಂದ ಹೆಸರನ್ನು ಕತ್ತರಿಸುವ ಸ್ಕ್ರಿಪ್ಟ್ ಕನ್ನಡದ ಮೇಲೆ ಓಡಿದರೆ ಒತ್ತಕ್ಷರ ಬಿದ್ದುಹೋಗುತ್ತದೆ. ಬೈಟುಗಳ ಎಣಿಕೆಯಿಂದ ಕತ್ತರಿಸಿದರೆ ಅಕ್ಷರವೇ ಒಡೆಯುತ್ತದೆ.

ಕನ್ನಡದ ಬೆರಳಚ್ಚಿಗೆ ಸಂಬಂಧಿಸಿದ ಎರಡು ಎಚ್ಚರಿಕೆಗಳನ್ನು ಇಲ್ಲಿ ಸೇರಿಸಬಹುದು. ವಿಸರ್ಗದ ಬದಲು ವಿವರಣ ಚಿಹ್ನೆಯನ್ನು ಒತ್ತುವ ಅಭ್ಯಾಸ ನಮ್ಮಲ್ಲಿದೆ. ವಿಳಾಸ ಬರೆಯುವಾಗ ಅಂಚೆ, ತಾಲ್ಲೂಕು ಎಂಬ ಪದಗಳ ಮುಂದೆಯೂ ಅದೇ ಚಿಹ್ನೆಯನ್ನು ಹಾಕುತ್ತೇವೆ. ಕಾಗದದ ಮೇಲೆ ಅದು ನಿರಪಾಯಕಾರಿ. ಪಾಸ್‌ವರ್ಡ್ ಕಡತದಲ್ಲಿ ಅದೇ ಚಿಹ್ನೆ ಅಂಕಣಗಳ ಗಡಿಕಲ್ಲು. ಹೆಸರಿನೊಳಗೆ ಅದು ನುಸುಳಿದರೆ ಏಳು ಅಂಕಣ ಎಂಟಾಗಿ, ವಿಳಾಸದ ಚೂರು ಕಡತಕೋಶದ ಸ್ಥಾನದಲ್ಲಿ ಹೋಗಿ ಕೂರುತ್ತದೆ. ಎರಡನೆಯದಾಗಿ, ಯುನಿಕೋಡ್‌ಪೂರ್ವದ ನುಡಿ, ಬರಹ ಫಾಂಟುಗಳಲ್ಲಿ ಸಿದ್ಧಪಡಿಸಿದ ಹಳೆಯ ಪಟ್ಟಿಗಳು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಬೇರೆ ಸಂಕೇತಗಳ ಸಾಲು. ಅವುಗಳನ್ನು ಯುನಿಕೋಡಿಗೆ ಪರಿವರ್ತಿಸಿ, ಓದಿ ನೋಡಿ, ಆಮೇಲೆಯೇ ಸ್ಕ್ರಿಪ್ಟಿಗೆ ಒಪ್ಪಿಸಬೇಕು.

ಪಾಸ್‌ವರ್ಡ್ ಮತ್ತು ಜಂಟಿ ಹಕ್ಕು

ಒಟ್ಟಾಗಿ ಖಾತೆ ತೆರೆಯುವಾಗ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಡುವ ಅಥವಾ ತಂದೆಯ ಹೆಸರು, ಹುಟ್ಟಿದ ದಿನಗಳಿಂದ ಅದನ್ನು ಹೆಣೆಯುವ ಆಕರ್ಷಣೆ ಸಹಜ. ಹಳ್ಳಿಯ ಸಮಾಜದಲ್ಲಿ ಇವು ಯಾವುವೂ ಗುಟ್ಟಲ್ಲ. ಒಬ್ಬರನ್ನೊಬ್ಬರು ಗುರುತಿಸಲು ಬಳಕೆಯಾಗುವ ವಿವರಗಳೇ ಇವಾಗಿರುವುದರಿಂದ ಎಲ್ಲರಿಗೂ ತಿಳಿದಿರುತ್ತವೆ. ಆದ್ದರಿಂದ ಪ್ರತಿಯೊಬ್ಬರಿಗೂ ಯಂತ್ರವೇ ಯಾದೃಚ್ಛಿಕವಾಗಿ ರಚಿಸಿದ ಪಾಸ್‌ವರ್ಡನ್ನು ಚೀಟಿಯಲ್ಲಿ ಅಚ್ಚುಮಾಡಿ ಕೈಗೆ ಕೊಡಬೇಕು. ಮೊದಲ ಪ್ರವೇಶದಲ್ಲಿಯೇ ಅದನ್ನು ಬದಲಿಸುವಂತೆ ‘ಚೇಜ್’ ಆಜ್ಞೆಯ ಮೂಲಕ ಕಡ್ಡಾಯ ಮಾಡಬಹುದು. ನ್ಯೂಯೂಸರ್ಸ್ ಆಜ್ಞೆಗೆ ಒಪ್ಪಿಸುವ ಕಡತದಲ್ಲಿ ಪಾಸ್‌ವರ್ಡುಗಳು ಬಿಚ್ಚುರೂಪದಲ್ಲಿರುವುದರಿಂದ, ಅದನ್ನು ವ್ಯವಸ್ಥಾಪಕರಲ್ಲದೆ ಬೇರೆಯವರು ಓದದಂತೆ ಇಟ್ಟು, ಕೆಲಸ ಮುಗಿದ ಕೂಡಲೇ ಅಳಿಸಬೇಕು.

ಇಡೀ ಯೋಜನೆಗೆ ಒಂದೇ ಖಾತೆ ತೆರೆದು ಪಾಸ್‌ವರ್ಡನ್ನು ಹತ್ತು ಜನ ಹಂಚಿಕೊಳ್ಳುವುದು ನಮ್ಮ ಸಂಸ್ಥೆಗಳಲ್ಲಿ ಕಂಡುಬರುವ ಇನ್ನೊಂದು ರೂಢಿ. ಇದು ಜಂಟಿ ಖಾತೆಯಂತೆ ತೋರಿದರೂ ವಾಸ್ತವವಾಗಿ ಹಾಗಲ್ಲ. ಜಂಟಿ ಪಹಣಿಯಲ್ಲಿ ಒಡೆಯರೆಲ್ಲರ ಹೆಸರೂ ಬೇರೆಬೇರೆಯಾಗಿ ನಮೂದಾಗಿರುತ್ತದೆ. ಯುನಿಕ್ಸಿನಲ್ಲಿ ಅದಕ್ಕೆ ಸಮನಾದುದು ಗುಂಪು. ಪ್ರತಿಯೊಬ್ಬರಿಗೂ ಸ್ವಂತ ಖಾತೆ ಇರಲಿ, ಎಲ್ಲರೂ ಒಂದು ಗುಂಪಿಗೆ ಸೇರಲಿ, ಭಂಡಾರದ ಕಡತಗಳ ಮೇಲೆ ಆ ಗುಂಪಿಗೆ ಹಕ್ಕು ಇರಲಿ. ಆಗ ಹಂಚಿಕೆಯೂ ಸಾಧ್ಯ, ಹೊಣೆಗಾರಿಕೆಯೂ ಉಳಿಯುತ್ತದೆ.

2000ದ ಸುಮಾರಿನಲ್ಲಿ ಕರ್ನಾಟಕ ಸರ್ಕಾರ ಕೈಗೊಂಡ ‘ಭೂಮಿ’ ಯೋಜನೆ ಹೊಣೆಗಾರಿಕೆಯ ಈ ಅಂಶವನ್ನು ಮನಗಂಡಿತ್ತು. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿದ ಆ ಯೋಜನೆಯಲ್ಲಿ, ದಾಖಲೆಯನ್ನು ಬದಲಿಸುವ ಸಿಬ್ಬಂದಿ ಬೆರಳಚ್ಚು ಕೊಟ್ಟು ವ್ಯವಸ್ಥೆಯನ್ನು ಪ್ರವೇಶಿಸಬೇಕಿತ್ತು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಕೊಡಬಹುದು, ಬೆರಳನ್ನು ಕೊಡಲಾಗದು. ಯಾವ ಬದಲಾವಣೆ ಯಾರಿಂದ ಆಯಿತೆಂಬುದು ಹೀಗೆ ವ್ಯಕ್ತಿಗೆ ಅಂಟಿಕೊಳ್ಳುತ್ತಿತ್ತು. 1961ರ ಗ್ರಾಮ ಅಧಿಕಾರ ರದ್ದತಿ ಕಾಯ್ದೆಗೆ ಮೊದಲು ಈ ದಾಖಲೆಗಳ ಮೇಲೆ ವಂಶಪಾರಂಪರ್ಯ ಹಿಡಿತವಿದ್ದುದು ಶಾನುಭೋಗರಿಗೆ. ದಾಖಲೆಯಲ್ಲಿ ಯಾರ ಹೆಸರಿದೆ ಎಂಬುದರಷ್ಟೇ, ಅದನ್ನು ಬರೆಯುವ ಅಧಿಕಾರ ಯಾರಿಗಿದೆ ಎಂಬುದೂ ಹಳ್ಳಿಗೆ ಮಹತ್ವದ್ದಾಗಿತ್ತು.

ಪೌತಿ ಖಾತೆ

ಈಗ ಆರಂಭದಲ್ಲಿ ಹೇಳಿದ ತಪ್ಪಿನ ಮೂಲಕ್ಕೆ ಬರಬಹುದು. ಆ ಭಂಡಾರದಲ್ಲಿ ಕ್ಷೇತ್ರಕಾರ್ಯಕರ್ತರ ಅವಧಿ ಮುಗಿದಾಗ ಅವರ ಖಾತೆಯನ್ನು ಅಳಿಸಲಾಗಿತ್ತು. ಪಾಸ್‌ವರ್ಡ್ ಕಡತದಿಂದ ಅವರ ಸಾಲು ಹೋಯಿತು. ಆದರೆ ಭಂಡಾರದ ಸಾಮಾನ್ಯ ಕೋಶದಲ್ಲಿದ್ದ ಧ್ವನಿಕಡತಗಳ ಮೇಲೆ ಅವರ ಸಂಖ್ಯೆ ಹಾಗೆಯೇ ಉಳಿಯಿತು. ಯೂಸರ್‌ಆಡ್ ಆಜ್ಞೆಯು ಬೇರೆ ಸೂಚನೆ ಇಲ್ಲದಿದ್ದಲ್ಲಿ, ಪಟ್ಟಿಯಲ್ಲಿರುವ ಸಾಮಾನ್ಯ ಬಳಕೆದಾರರ ಅತಿ ದೊಡ್ಡ ಸಂಖ್ಯೆಯನ್ನು ನೋಡಿ ಅದರ ಮುಂದಿನದನ್ನು ಹೊಸಬರಿಗೆ ಕೊಡುತ್ತದೆ. ಅಳಿಸಿದ್ದು ಕೊನೆಯ ಖಾತೆಯಾಗಿದ್ದುದರಿಂದ ಅದೇ ಸಂಖ್ಯೆ ಮುಂದಿನ ತಂಡದ ಮೊದಲ ವಿದ್ಯಾರ್ಥಿನಿಗೆ ಬಂತು. ಆ ಕ್ಷಣದಿಂದ ಹಳೆಯ ಮುದ್ರಣಗಳೆಲ್ಲ ಅವರ ಹೆಸರಿನಲ್ಲಿ ಕಾಣಿಸತೊಡಗಿದವು. ಸೂಚಿಯ ‘ಸಂಗ್ರಾಹಕರು’ ಅಂಕಣವನ್ನು ಕಡತದ ಒಡೆಯರ ಹೆಸರಿನಿಂದಲೇ ತುಂಬಿಸಲಾಗಿದ್ದುದರಿಂದ ತಪ್ಪು ಅಚ್ಚಿನ ರೂಪ ಪಡೆಯಿತು.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ವ್ಯಾಪಕವಾದ ಪದ್ಧತಿ. ಹೋದವರು ಹೆಸರಿನ ಮೂಲಕ ಮರಳುತ್ತಾರೆ, ಮನೆಯ ಹಕ್ಕು ಬಾಧ್ಯತೆಗಳು ಆ ಹೆಸರಿನೊಡನೆ ಮುಂದುವರಿಯುತ್ತವೆ ಎಂಬ ಭಾವನೆ ಅದರ ಹಿಂದಿದೆ. ಸಾಮಾಜಿಕವಾಗಿ ಇದು ಸ್ವಾಗತಾರ್ಹವಾದ ಪುನರಾವರ್ತನೆ. ಯುನಿಕ್ಸ್ ವ್ಯವಸ್ಥೆಯಲ್ಲಿಯೂ ಹೆಸರು ಮರಳಿ ಬರಲು ಅಡ್ಡಿಯಿಲ್ಲ. ಸಂಖ್ಯೆ ಮಾತ್ರ ಮರಳಿ ಬರಬಾರದು. ಸಂಖ್ಯೆ ಮರಳಿದರೆ ಹಿಂದಿನವರ ಸ್ವತ್ತೆಲ್ಲ ಯಾವ ವಿಚಾರಣೆಯೂ ಇಲ್ಲದೆ ಹೊಸಬರಿಗೆ ಸೇರುತ್ತದೆ. 2016ರ ಆಧಾರ್ ಕಾಯ್ದೆಯ 4ನೇ ಕಲಂ ಇದೇ ತತ್ತ್ವವನ್ನು ಶಾಸನವಾಗಿಸಿದೆ: ಒಬ್ಬರಿಗೆ ಕೊಟ್ಟ ಸಂಖ್ಯೆಯನ್ನು ಮತ್ತೊಬ್ಬರಿಗೆ ಕೊಡುವಂತಿಲ್ಲ, ಆ ಸಂಖ್ಯೆ ವ್ಯಕ್ತಿಯ ಯಾವ ಗುಣವಿಶೇಷವನ್ನೂ ಸೂಚಿಸುವಂತಿಲ್ಲ. ಯುನಿಕ್ಸಿನಲ್ಲಿ ಸಂಖ್ಯೆಗಳ ಅಭಾವವೂ ಇಲ್ಲ. ಹಿಂದೆ 16 ಬಿಟ್ಟುಗಳ ಬಳಕೆದಾರ ಸಂಖ್ಯೆಯಿಂದ 65,536 ಬೆಲೆಗಳು ಮಾತ್ರ ಸಾಧ್ಯವಿದ್ದವು. 2001ರಲ್ಲಿ ಹೊರಬಂದ ಲಿನಕ್ಸಿನ 2.4ನೇ ಆವೃತ್ತಿಯಿಂದ 32 ಬಿಟ್ಟುಗಳು ದೊರೆತು ಈ ಮಿತಿ 400 ಕೋಟಿಯನ್ನು ಮೀರಿತು. ಮರುಬಳಕೆಗೆ ಕಾರಣವಾಗುವುದು ಕೇವಲ ಅಲಕ್ಷ್ಯ.

ಕಂದಾಯ ಪದ್ಧತಿಯಲ್ಲಿ ಇದಕ್ಕೊಂದು ಮಾದರಿ ಇದೆ. ಖಾತೆದಾರರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಆಗುವ ಬದಲಾವಣೆಗೆ ‘ಪೌತಿ ಖಾತೆ’ ಎನ್ನುತ್ತಾರೆ. ಪೌತಿ ಎಂದರೆ ಮರಣ. ಅರ್ಜಿ, ವಂಶವೃಕ್ಷ, ಮರಣ ಪ್ರಮಾಣಪತ್ರ, ಆಕ್ಷೇಪಣೆಗೆ ಅವಕಾಶ, ಅನಂತರ ಮ್ಯುಟೇಶನ್ ಎಂಬ ಕ್ರಮ ಅದಕ್ಕಿದೆ. ಸತ್ತವರ ಹೆಸರು ಅಳಿಸಿಹೋಗುವುದಿಲ್ಲ. ಯಾರಿಂದ ಯಾರಿಗೆ ಬಂತೆಂಬ ಜಾಡು ಮ್ಯುಟೇಶನ್ ವಹಿಯಲ್ಲಿ ಉಳಿಯುತ್ತದೆ. ಗಣಕದ ಖಾತೆಗಳಿಗೂ ಇಂತಹ ಪೌತಿ ಕ್ರಮ ಬೇಕು. ಹೋದವರ ಖಾತೆಯನ್ನು ಅಳಿಸುವ ಬದಲು ಬೀಗ ಹಾಕಬೇಕು. ಆಗ ಸಾಲು ಉಳಿದು ಸಂಖ್ಯೆಯ ಎದುರು ಅವರ ಹೆಸರೇ ಇರುತ್ತದೆ. ಕಡತಗಳ ಒಡೆತನವನ್ನು ಬದಲಿಸಲೇಬೇಕಾದರೆ ‘ಚೌನ್’ ಆಜ್ಞೆಯಿಂದ, ದಾಖಲೆ ಬರೆದಿಟ್ಟು, ಬದಲಿಸಬೇಕು. ಒಡೆಯರಿಲ್ಲದೆ ಉಳಿದಿರುವ ಕಡತಗಳನ್ನು ‘ಫೈಂಡ್’ ಆಜ್ಞೆ ಹುಡುಕಿಕೊಡುತ್ತದೆ. ಹೊಸ ತಂಡಕ್ಕೆ ಖಾತೆ ತೆರೆಯುವ ಮುನ್ನ ಅದನ್ನು ಓಡಿಸಿ ನೋಡುವುದು ವಾಡಿಕೆಯಾಗಬೇಕು. ಹೊಸ ಸಂಖ್ಯೆಗಳನ್ನು ಯಂತ್ರದ ಊಹೆಗೆ ಬಿಡದೆ, ಎಂದೂ ಹಿಂದಕ್ಕೆ ಹೋಗದ ವಹಿಯೊಂದರಿಂದ ಸ್ಕ್ರಿಪ್ಟಿಗೆ ಒದಗಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಹಾಡಿದವರಾರು, ಸಂಗ್ರಹಿಸಿದವರಾರು, ಎಲ್ಲಿ, ಎಂದು ಎಂಬ ವಿವರಗಳು ಭಂಡಾರದ ಪ್ರತ್ಯೇಕ ದಾಖಲೆಯಲ್ಲಿರಬೇಕು. ಕಡತದ ಒಡೆತನ ಯಂತ್ರದ ಆಡಳಿತಕ್ಕೆ ಸೇರಿದ ಗುರುತು. ಅದನ್ನು ಸಂಶೋಧನೆಯ ಆಧಾರವಾಗಿ ಬಳಸಲಾಗದು.

ಉಪಸಂಹಾರ

ಆ ಸೋಬಾನೆ ಪದಗಳ ಸಂಗ್ರಾಹಕರ ಹೆಸರು ಕೊನೆಗೆ ಸರಿಯಾಯಿತು. ಅದಕ್ಕೆ ಆಧಾರವಾದದ್ದು ಸರ್ವರ್ ಅಲ್ಲ, ಅವರ ಕ್ಷೇತ್ರಕಾರ್ಯದ ಪುಸ್ತಕ. ಅದರಲ್ಲಿ ಹಾಡಿದ ತಾಯಿಯ ಹೆಸರು, ‘ಕೋಂ’ ಎಂದು ಅವರ ಪತಿಯ ಹೆಸರು, ಊರು, ದಿನಾಂಕ ಎಲ್ಲವೂ ಇದ್ದವು. ಮುದ್ರಣದ ಸೂಚಿಯಲ್ಲಿ ಇದಾವುದೂ ಬಂದಿರಲಿಲ್ಲ. ಸಂಗ್ರಾಹಕರ ಹೆಸರನ್ನು ತಿದ್ದಲು ಹೋದಾಗಲೇ ವಕ್ತೃವಿನ ಹೆಸರಿಗೆ ಅಲ್ಲಿ ಅಂಕಣವೇ ಇಲ್ಲವೆಂಬುದು ನಮ್ಮ ಗಮನಕ್ಕೆ ಬಂತು. ಪಟ್ಟಿಯಲ್ಲಿ ಯಾವ ಅಂಕಣವಿರಬೇಕೆಂಬುದನ್ನು ಸ್ಕ್ರಿಪ್ಟ್ ನಿರ್ಧರಿಸಲಾರದು. ಅದು ಜನರನ್ನು ಬಲ್ಲವರ ಕೆಲಸ. ಇನ್ನೂರು ಖಾತೆಗಳನ್ನು ಒಂದು ನಿಮಿಷದಲ್ಲಿ ತೆರೆಯಬಲ್ಲ ಯಂತ್ರದ ಮುಂದೆ ಕೂರುವ ಮೊದಲು, ಆ ಇನ್ನೂರು ಹೆಸರುಗಳನ್ನು ಬಲ್ಲ ಒಬ್ಬರೊಡನೆ ಕುಳಿತು ಪಟ್ಟಿಯನ್ನು ಗಟ್ಟಿಯಾಗಿ ಓದಿಸುವುದು ಗ್ರಂಥಾಲಯಗಳೂ ಸಂಶೋಧನ ಸಂಸ್ಥೆಗಳೂ ರೂಢಿಸಿಕೊಳ್ಳಬೇಕಾದ ಮೊದಲ ಹಂತ. ಎಲ್ಲಿ ಓದುವವರು ತಡೆದು ‘ಇವರಲ್ಲಿ ಯಾವ ಮುನಿಯಪ್ಪ?’ ಎಂದು ಕೇಳುತ್ತಾರೋ ಅಲ್ಲಿ ಪಟ್ಟಿಯನ್ನು ತಿದ್ದಬೇಕಾಗಿದೆ ಎಂದು ತಿಳಿಯಬೇಕು.